ಚೀನೀ ಜಾತಕ ಅಂದರೆ ಬರೀ ಇಲಿ, ಹುಲಿ, ಡ್ರ್ಯಾಗನ್ ವರ್ಷ ಅಷ್ಟೇನಾ?

ಅಲ್ಲ, ಪ್ರಾಣಿ ಅದರ ಒಂದು ಚೂರು ಮಾತ್ರ. ಪೂರ್ತಿ ಜಾತಕಕ್ಕೆ ಅಲ್ಲಿ 'ಬಾ-ಝಿ' ಅಂತಾರೆ, ಅಂದರೆ ಎಂಟು ಅಕ್ಷರ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು: ಇವು ನಾಲ್ಕು ಕಂಬ. ಒಂದೊಂದು ಕಂಬಕ್ಕೆ ಎರಡು ಅಕ್ಷರ. ಮೇಲಿನದು 10 'ಕಾಂಡ'ಗಳಲ್ಲಿ ಒಂದು, ಕೆಳಗಿನದು 12 'ಕೊಂಬೆ'ಗಳಲ್ಲಿ ಒಂದು. ಪ್ರಾಣಿಗಳು ಈ ಕೊಂಬೆಗಳಿಗೆ ಅಂಟಿಕೊಂಡಿವೆ. ಎರಡೂ ಜೊತೆಯಾಗಿ ತಿರುಗಿ 60ಕ್ಕೆ ಒಂದು ಸುತ್ತು ಮುಗಿಯುತ್ತದೆ. ನಮ್ಮ ಸಂವತ್ಸರಗಳೂ 60 ಅಲ್ವಾ!

ಉದಾಹರಣೆಗೆ, 2024ರ ಫೆಬ್ರವರಿ 6ರ ಮಧ್ಯಾಹ್ನ ಹುಟ್ಟಿದ ಮಗು. ಚೀನೀ ಹೊಸ ವರ್ಷ ಬಂದಿದ್ದು 10ಕ್ಕೆ, ಹಾಗಾಗಿ ಜನ ಮೊಲ ಅಂತಾರೆ. ಬಾ-ಝಿಯಲ್ಲಿ ಮಾತ್ರ ಡ್ರ್ಯಾಗನ್, ಯಾಕಂದ್ರೆ ಹೆಚ್ಚಿನವರು ವರ್ಷ ಎಣಿಸೋದು ಸೂರ್ಯನ ಲೆಕ್ಕದಲ್ಲಿ, ಫೆಬ್ರವರಿ 4ರ ಸುಮಾರಿನಿಂದ.

ಮುಖ್ಯವಾದದ್ದು ದಿನದ ಕಾಂಡ. ಅದೇ 'ನೀವು'. ಒಂದೊಂದು ಕಾಂಡವೂ ಐದು ಧಾತುಗಳಲ್ಲಿ ಒಂದಕ್ಕೆ ಸೇರಿದ್ದು. ಈ ಮಗುವಿನದು 'ಗೆಂಗ್' ಅನ್ನೋ ಕಾಂಡ, ಕೊಡಲಿಯಂಥ ಗಟ್ಟಿ ಲೋಹ. ಮರ, ಬೆಂಕಿ, ಮಣ್ಣು, ಲೋಹ, ನೀರು ಇವುಗಳಲ್ಲಿ ಯಾವುದು ಆ ಲೋಹಕ್ಕೆ ಬಲ ಕೊಡುತ್ತದೆ, ಯಾವುದು ಕರಗಿಸುತ್ತದೆ ಅಂತ ನೋಡೋದೇ ಅಸಲಿ ಕೆಲಸ. ಮಣ್ಣು ಲೋಹವನ್ನು ಹೆರುತ್ತದೆ, ಬೆಂಕಿ ಕರಗಿಸುತ್ತದೆ.

ನಮ್ಮ ಕುಂಡಲಿಯ ಹಾಗೆ ಗುರು, ಶನಿ ಎಲ್ಲಿದ್ದಾರೆ ಅಂತ ಇಲ್ಲಿ ಹುಡುಕೋದಿಲ್ಲ. ಇದು ಪೂರ್ತಿ ಕ್ಯಾಲೆಂಡರ್ ಆಟ. ಭವಿಷ್ಯ ಹೇಳುತ್ತದೆ ಅಂತ ನಾನಂತೂ ನಂಬಲ್ಲ, ಆದರೆ ಲೆಕ್ಕ ಮಾತ್ರ ಮಜವಾಗಿದೆ.