ಕೆ-ರಾಸ್ ಕೆಟ್ಟಿದ್ದರೆ ಸೆಟುಕ್ಸಿಮ್ಯಾಬ್ ಏಕೆ ಕೆಲಸ ಮಾಡುವುದಿಲ್ಲ?

ಹಾಸನದಲ್ಲಿರುವ ನಿಮ್ಮ ತಂದೆಯವರ ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ, ವರದಿಯಲ್ಲಿ ‘ಕೆ-ರಾಸ್ ಮ್ಯುಟೇಷನ್’ ಎಂದಿರುವುದರಿಂದ ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟು ಪ್ರಯೋಜನವಿಲ್ಲವೆಂದು ವೈದ್ಯರು ಹೇಳಿದ್ದಾರೆ, ಏಕೆ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಚಿಕಿತ್ಸೆಯ ನಿರ್ಧಾರ ಅವರದೇ. ಅದರ ಹಿಂದಿನ ಕಾರಣವನ್ನಷ್ಟೇ ವಿವರಿಸಬಲ್ಲೆ.

ಆರೋಗ್ಯವಂತ ಜೀವಕೋಶ ವಿಭಜನೆಗೊಳ್ಳಬೇಕಾದರೆ ಹೊರಗಿನಿಂದ ಅಪ್ಪಣೆ ಬರಬೇಕು. ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನೊಂದು ಕೋಶದ ಪೊರೆಯ ಮೇಲಿನ ಇಜಿಎಫ್‌ಆರ್ ಎಂಬ ಗ್ರಾಹಕಕ್ಕೆ ಅಂಟಿಕೊಂಡಾಗ, ಆ ಸುದ್ದಿ ಒಳಬದಿಯಲ್ಲಿರುವ ರಾಸ್ ಪ್ರೋಟೀನಿಗೂ, ಅಲ್ಲಿಂದ ರಾಫ್, ಮೆಕ್, ಇಆರ್‌ಕೆ ಎಂಬ ಪ್ರೋಟೀನುಗಳ ಕೈಯಿಂದ ಕೈಗೆ ದಾಟಿ ಕೋಶಕೇಂದ್ರಕ್ಕೂ ತಲುಪುತ್ತದೆ. ರಾಸ್ ಇಲ್ಲಿ ಸ್ವಿಚ್ಚು. ವರದಿಯಲ್ಲಿರುವ ಕೆ-ರಾಸ್ ಇದರದೇ ಒಂದು ಬಗೆ. ಜಿಟಿಪಿ ಎಂಬ ಅಣು ಕೂತಿರುವಷ್ಟು ಹೊತ್ತು ಅದು ಆನ್. ಅದನ್ನು ಕತ್ತರಿಸಿ ಜಿಡಿಪಿ ಮಾಡಿದೊಡನೆ ಆಫ್. ಈ ಪ್ರೋಟೀನಿನ 12ನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಇರಬೇಕು. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಅಲ್ಲಿಗೆ ತುಸು ದೊಡ್ಡದೊಂದು ಬಂದು ಕೂತರೆ, ಕತ್ತರಿಸುವ ಕೆಲಸಕ್ಕೆ ಅಡ್ಡಿಯಾಗಿ ಸ್ವಿಚ್ಚು ಆನ್ ಆಗಿಯೇ ಉಳಿಯುತ್ತದೆ. ರಾಸ್ ಕುಟುಂಬದ ಜೀನಿನಲ್ಲಿ ಈ ಒಂದಕ್ಷರದ ತಪ್ಪು ಪತ್ತೆಯಾದದ್ದು 1982ರಲ್ಲಿ, ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ.

ಮೂಡಿಗೆರೆ ಬಳಿಯ ನಮ್ಮ ತೋಟದಲ್ಲಿ ಒಮ್ಮೆ, ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕಿದ್ದಾಗ, ಪಂಪಿನ ಸ್ಟಾರ್ಟರಿನೊಳಗಿನ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡವು. ಕೆಂಪು ಬಟನ್ ಎಷ್ಟು ಒತ್ತಿದರೂ ಮೋಟಾರು ನಿಲ್ಲಲಿಲ್ಲ. ಕೊನೆಗೆ ಫ್ಯೂಸನ್ನೇ ಕಿತ್ತೆವು. ಸೆಟುಕ್ಸಿಮ್ಯಾಬ್ ಇಜಿಎಫ್‌ಆರ್ ಎಂಬ ಹಸಿರು ಬಟನ್ನನ್ನು ಯಾರೂ ಒತ್ತದಂತೆ ಮುಚ್ಚಿಹಿಡಿಯುತ್ತದೆ, ಅಷ್ಟೆ. ಕೆಳಗೆ ಪಾಯಿಂಟು ಅಂಟಿಕೊಂಡಿದ್ದರೆ ಮೇಲಿನ ಬಟನ್ ಮುಚ್ಚಿ ಏನು ಬಂತು? ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಶೇಕಡ 40ರ ಆಸುಪಾಸಿನಲ್ಲಿ ಕೆ-ರಾಸ್ ಹೀಗೆ ಕೆಟ್ಟಿರುತ್ತದೆ. ಆದ್ದರಿಂದಲೇ ಈ ಔಷಧಿಗೆ ಮುನ್ನ ಆ ಪರೀಕ್ಷೆ.

ಹರಡುವುದರಲ್ಲಿಯೂ ಇಂಥ ಸಂಕೇತಗಳ ಕೈವಾಡವಿದೆ. ಟಿಜಿಎಫ್-ಬೀಟಾದಂಥ ಸಂಕೇತಗಳು ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್ಹೆರಿನ್ ಎಂಬ ಅಂಟನ್ನು ತಗ್ಗಿಸುತ್ತವೆ. ವಿಇಜಿಎಫ್ ಎಂಬ ಇನ್ನೊಂದು ಸಂಕೇತ ಹೊಸ ರಕ್ತನಾಳಗಳನ್ನು ಗಡ್ಡೆಯತ್ತ ಎಳೆದು ತರುತ್ತದೆ. ಕರುಳಿನ ರಕ್ತ ಮೊದಲು ಯಕೃತ್ತಿಗೇ ಹೋಗುವುದರಿಂದ ಕಳಚಿಕೊಂಡ ಕೋಶಗಳು ಅಲ್ಲಿ ತಂಗುವುದು ಸಹಜ. ಆದರೆ ದಾರಿಯೊಂದೇ ಕಾರಣವಲ್ಲ, ಬೀಜಕ್ಕೆ ಒಗ್ಗುವ ಮಣ್ಣೂ ಬೇಕೆಂದು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದಿದ್ದ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ. ವರದಿಯಲ್ಲಿ ಕೆ-ರಾಸ್ ಎಂಬುದರ ಮುಂದೆ ಏನಿದೆಯೆಂದು ನೋಡಿ. ಜಿ12ಸಿ (12ನೆಯ ಸ್ಥಾನದ ಗ್ಲೈಸಿನ್ ಜಾಗದಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಕೂತಿದೆ ಎಂದರ್ಥ) ಎಂದಿದ್ದರೆ, ಅದು ಇಂಥ ನೂರು ರೋಗಿಗಳಲ್ಲಿ ಮೂರು-ನಾಲ್ಕು ಮಂದಿಯಲ್ಲಷ್ಟೇ ಕಾಣುವುದಾದರೂ, ಆ ಕೆಟ್ಟ ಸ್ವಿಚ್ಚನ್ನೇ ಆಫ್ ಸ್ಥಿತಿಯಲ್ಲಿ ಹಿಡಿದಿಡುವ ಸೊಟೊರಾಸಿಬ್‌ನಂಥ ಔಷಧಿಗಳ ಬಗ್ಗೆ ವೈದ್ಯರನ್ನು ಕೇಳಬಹುದು. ಕರುಳಿನ ಕ್ಯಾನ್ಸರಿನಲ್ಲಿ ಅದನ್ನು ಇಜಿಎಫ್‌ಆರ್ ತಡೆಯುವ ಔಷಧಿಯ ಜೊತೆಗೇ ಕೊಡುತ್ತಾರೆ, ಏಕೆಂದರೆ ಸ್ವಿಚ್ಚನ್ನು ಮಾತ್ರ ಹಿಡಿದರೆ ಕೋಶ ಮತ್ತೆ ಹಸಿರು ಬಟನ್ನಿಗೇ ಕೈ ಹಾಕುತ್ತದೆ. ಜಿ12ಡಿ ಅಥವಾ ಜಿ12ವಿ ಎಂದಿದ್ದರೆ, ಅಂದರೆ ಆ ಜಾಗದಲ್ಲಿ ಬೇರೆ ಅಮೈನೋ ಆಮ್ಲ ಕೂತಿದ್ದರೆ, ಸೊಟೊರಾಸಿಬ್ ಹೊಂದುವುದಿಲ್ಲ.