ಎಚ್‌ಆರ್ ರಾಜೀನಾಮೆ ಬರೆದುಕೊಡಿ ಅನ್ನುತ್ತಿದ್ದಾರೆ, ಮೈಸೂರಿನಲ್ಲಿ ವಕೀಲರನ್ನು ನೋಡಬೇಕಾ?

ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಎಂಟು ತಿಂಗಳಿಂದ ಮೆಷಿನ್ ಆಪರೇಟರ್ ಆಗಿದ್ದೀರಿ. ಆರ್ಡರ್ ಇಲ್ಲ, ಸೋಮವಾರದೊಳಗೆ ರಾಜೀನಾಮೆ ಕೊಡಿ, ಇಲ್ಲದಿದ್ದರೆ ಡಿಸ್ಮಿಸ್ ಅಂತ ಎಚ್‌ಆರ್‌ನವರು ಹೇಳಿದ್ದಾರೆ ಅಂತ ಬರೆದಿದ್ದೀರಿ. ಮೈಸೂರಿನಲ್ಲಿ ಕಾರ್ಮಿಕ ಪ್ರಕರಣ ನಡೆಸುವ ವಕೀಲೆ ನಾನು, ಸಣ್ಣ ಕಾರ್ಖಾನೆಗಳ ಮಾಲೀಕರಿಗೂ ಸಲಹೆ ಕೊಡುತ್ತೇನೆ. ವಕೀಲರನ್ನು ನೋಡಿ, ಆದರೆ ಸಹಿ ಹಾಕುವುದಕ್ಕೆ ಮುಂಚೆ ನೋಡಿ. ಹಾಕಿದ ಮೇಲೆ ಬಂದರೆ, ಬಲವಂತದಿಂದ ಬರೆಸಿಕೊಂಡರು ಅಂತ ಸಾಬೀತು ಮಾಡುವ ಹೊರೆ ಪೂರ್ತಿ ನಿಮ್ಮ ತಲೆ ಮೇಲೆ ಬೀಳುತ್ತದೆ.

ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಗ್ರಾಚ್ಯುಟಿ ಹೋಗಿಬಿಡುತ್ತದೆ ಅಂತ ಹೆದರಬೇಡಿ. ಐದು ವರ್ಷ ತುಂಬಿದೆ, ರಾಜೀನಾಮೆ ಕೊಟ್ಟರೂ ಅದು ಬರಲೇಬೇಕು. ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ 18,200 ರೂಪಾಯಿ ಅಂತಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 700, ವರ್ಷಕ್ಕೆ ಹದಿನೈದು ದಿನದಂತೆ 10,500. ಆರು ತಿಂಗಳು ದಾಟಿದ್ದರಿಂದ ನಿಮ್ಮದು ಎಂಟು ವರ್ಷದ ಲೆಕ್ಕ, ಅಂದರೆ 84,000. ಮೂವತ್ತು ದಿನದೊಳಗೆ ಕೊಡಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಈ ಸೂತ್ರ ಬದಲಾಗಿಲ್ಲ.

ರಾಜೀನಾಮೆಯಿಂದ ಕೈತಪ್ಪುವುದು ರಿಟ್ರೆಂಚ್‌ಮೆಂಟ್ ಪರಿಹಾರ. ಆರ್ಡರ್ ಇಲ್ಲ ಅಂತ ಕಂಪನಿಯೇ ಕೆಲಸದಿಂದ ತೆಗೆದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ, ಅದೂ ಗ್ರಾಚ್ಯುಟಿ ಬಿಟ್ಟು ಬೇರೆ. ಇನ್ನೊಂದು, ಅದೇ ವರ್ಗದ ಕೆಲಸದಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನೇ ಮೊದಲು ತೆಗೆಯಬೇಕು. ನಿಮ್ಮ ನಂತರ ಸೇರಿದ ಆಪರೇಟರ್‌ಗಳು ಉಳಿದುಕೊಂಡಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವತ್ತೇ ಎಚ್‌ಆರ್‌ಗೆ ಇಮೇಲ್ ಹಾಕಿ: ಇಂಥ ದಿನ ರಾಜೀನಾಮೆ ಕೇಳಿದಿರಿ, ನಾನು ಕೊಡುತ್ತಿಲ್ಲ, ಕೆಲಸಕ್ಕೆ ಬರಲು ಸಿದ್ಧ. ಇಷ್ಟೇ ಸಾಕು, ಜಗಳ ಬೇಡ. ಅಪಾಯಿಂಟ್‌ಮೆಂಟ್ ಆರ್ಡರ್, ಸಂಬಳದ ಚೀಟಿಗಳು, ಪಿಎಫ್ ಪಾಸ್‌ಬುಕ್ ಇವುಗಳ ಪ್ರತಿ ಮನೆಯಲ್ಲಿರಲಿ. ಗೇಟಿನಲ್ಲಿ ತಡೆದರೆ ಅಲ್ಲಿಂದಲೇ ಇನ್ನೊಂದು ಮೇಲ್ ಕಳಿಸಿ, ಇಲ್ಲದಿದ್ದರೆ ಹೇಳದೆ ಕೇಳದೆ ಗೈರಾದರು ಅಂತ ಬರೆದುಬಿಡುತ್ತಾರೆ.

ಮಾಲೀಕರು ಬಂದಾಗಲೂ ನಾನು ಹೇಳುವುದು ಇದೇ ಮಾತು. ತಪ್ಪು ಮಾಡಿದ್ದರೆ ಕಾರಣ ಕೇಳುವ ಷೋಕಾಸ್ ನೋಟಿಸ್ ಕೊಟ್ಟು ಎನ್‌ಕ್ವೈರಿ ನಡೆಸಿ, ಕೆಲಸವೇ ಇಲ್ಲದಿದ್ದರೆ ಪರಿಹಾರ ಕೊಟ್ಟು ಕಳಿಸಿ. ಹೆದರಿಸಿ ಬರೆಸಿಕೊಂಡ ರಾಜೀನಾಮೆ ಲೇಬರ್ ಕೋರ್ಟಿನಲ್ಲಿ ಬಿದ್ದುಹೋದರೆ, ಕೆಲಸಕ್ಕೆ ವಾಪಸ್ ತೆಗೆದುಕೊಂಡು ಹಿಂಬಾಕಿ ಸಂಬಳವನ್ನೂ ಕೊಡಬೇಕಾಗಬಹುದು. ಸಣ್ಣ ಘಟಕಕ್ಕೆ ಆ ಹೊಡೆತ ತಡೆಯುವುದು ಕಷ್ಟ.

ವಿವಾದ ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೋಗುತ್ತದೆ. ಅಲ್ಲಿ ನೀವೇ ಅರ್ಜಿ ಕೊಟ್ಟು ಮಾತಾಡಬಹುದು. ಲೇಬರ್ ಕೋರ್ಟಿನಲ್ಲಿ ವಕೀಲರು ನಿಲ್ಲಲು ಎದುರು ಪಕ್ಷದ ಒಪ್ಪಿಗೆ, ಕೋರ್ಟಿನ ಅನುಮತಿ ಎರಡೂ ಬೇಕು. ಯೂನಿಯನ್ ಪದಾಧಿಕಾರಿಗೆ ಆ ತೊಡಕಿಲ್ಲ, ಆದ್ದರಿಂದ ನಿಮ್ಮಲ್ಲಿ ಯೂನಿಯನ್ ಇದ್ದರೆ ಅವರನ್ನೂ ಜೊತೆಗಿಟ್ಟುಕೊಳ್ಳಿ. ವಕೀಲರ ಹತ್ತಿರ ಹೋದಾಗ, ನಿಮ್ಮ ಕಂಪನಿಯ ಕೆಲಸ ಅವರೇ ನೋಡುತ್ತಾರಾ ಅಂತ ಮೊದಲೇ ಕೇಳಿ, ಫೀಸಿನ ಮಾತು ಬರಹದಲ್ಲಿರಲಿ. ದುಡ್ಡಿನ ಚಿಂತೆ ಇದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಕಾರ್ಖಾನೆ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.