ಕಾಗೆ ಎಂಬ ಹೆಸರು ಸಂಸ್ಕೃತದ ‘ಕಾಕ’ದಿಂದ ಬಂದದ್ದೇ?

ತತ್ಸಮ-ತದ್ಭವ ಪಟ್ಟಿಯಲ್ಲಿ ‘ಕಾಕ–ಕಾಗೆ’ ಎಂದು ಓದಿದ್ದೀರಿ, ಹಾಗಾದರೆ ಈ ಪದ ಕನ್ನಡದ್ದಲ್ಲವೇ ಎಂದು ಕೇಳಿದ್ದೀರಿ. ಕನ್ನಡದ್ದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕಾಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುವ ಹಕ್ಕಿ. ಆ ಕೂಗಿಗೆ ಕಿವಿಗೊಡಲು ಒಂದು ಭಾಷೆಯವರು ಇನ್ನೊಂದು ಭಾಷೆಯವರನ್ನು ಕೇಳಬೇಕಾಗಿರಲಿಲ್ಲ.

ನೆರೆಯ ಭಾಷೆಗಳನ್ನು ನೋಡಿ. ತಮಿಳಿನಲ್ಲಿ ಕಾಕ್ಕೈ, ಮಲಯಾಳದಲ್ಲಿ ಕಾಕ್ಕ, ತೆಲುಗಿನಲ್ಲಿ ಕಾಕಿ, ತುಳುವಿನಲ್ಲಿ ಕಕ್ಕೆ. ತಮಿಳಿನ ಮೂಕ್ಕು ನಮ್ಮಲ್ಲಿ ಮೂಗು, ಅವರ ತಲೈ ನಮ್ಮ ತಲೆ. ಒಂದರಲ್ಲಿ ‘ಕ್ಕ’ ಇದ್ದಲ್ಲಿ ‘ಗ’, ಇನ್ನೊಂದರಲ್ಲಿ ‘ಐ’ ಇದ್ದಲ್ಲಿ ‘ಎ’. ಇವೆರಡನ್ನೂ ಸೇರಿಸಿದರೆ ಕಾಕ್ಕೈ ಕನ್ನಡದಲ್ಲಿ ಕಾಗೆಯೇ ಆಗಬೇಕು. ಹಕ್ಕಿಯ ಬಾಯಲ್ಲಿ ‘ಗೆ’ ಇಲ್ಲ. ಅದು ಕನ್ನಡದ ನಾಲಿಗೆ ಕೊಟ್ಟದ್ದು.

ಸಂಸ್ಕೃತದ ಕಾಕವೂ ಹುಟ್ಟಿದ್ದು ಕೂಗಿನಿಂದಲೇ. ಪ್ರಾಚೀನ ಪಂಡಿತ ಯಾಸ್ಕರು ವೇದದ ಪದಗಳ ಹುಟ್ಟನ್ನು ವಿವರಿಸುವ ತಮ್ಮ ‘ನಿರುಕ್ತ’ ಗ್ರಂಥದ 3ನೇ ಅಧ್ಯಾಯದಲ್ಲಿ, ಕಾಕ ಎಂಬುದು ಶಬ್ದದ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇದು ಹೇರಳ ಎನ್ನುತ್ತಾರೆ. ಅನುಕರಣೆ ಎಂಬುದೇ ಇಲ್ಲ ಎಂದು ಔಪಮನ್ಯವ ಎಂಬ ಇನ್ನೊಬ್ಬ ಪಂಡಿತ ಹೇಳಿದ್ದನ್ನೂ ಅಲ್ಲೇ ದಾಖಲಿಸುತ್ತಾರೆ. ಆ ಪಕ್ಷದ ಪ್ರಕಾರ, ಓಡಿಸಬೇಕಾದ ಹಕ್ಕಿಯಾದ್ದರಿಂದ ಅದು ಕಾಕ. ನನಗೆ ಯಾಸ್ಕರ ಮಾತೇ ಸರಿ ಅನ್ನಿಸುತ್ತದೆ. ಕತ್ತು ಬೂದಿಯಾಗಿರುವ ಊರ ಕಾಗೆ ಕೂಗುವಾಗ ಒಮ್ಮೆ ಹತ್ತಿರದಿಂದ ಗಮನಿಸಿ: ಪ್ರತಿ ‘ಕಾ’ಗೂ ಕತ್ತು ಚಾಚಿ, ಮೈಯನ್ನೇ ಮುಂದಕ್ಕೆ ನೂಕುತ್ತದೆ. ಮೈಯೆಲ್ಲ ಕಪ್ಪಾಗಿರುವ ಕಾಡುಕಾಗೆಯ ದನಿ ಇನ್ನೂ ದಪ್ಪ, ಒರಟು.

ತಿಥಿಯ ದಿನ ಪಿಂಡ ಇಟ್ಟು ದೂರ ನಿಂತವರು ‘ಕಾ ಕಾ’ ಎಂದೇ ಕರೆಯುತ್ತಾರೆ. ‘ಕಾಗೇ ಬಾ’ ಎನ್ನುವವರನ್ನು ನಾನು ಕಂಡಿಲ್ಲ. ಅಲ್ಲಿ ಕೂಗು ಇನ್ನೂ ಬರಿಯ ಕೂಗು, ವ್ಯಾಕರಣದವರು ಹೇಳುವ ಅನುಕರಣಾವ್ಯಯ. ಅದೇ ಕಾಗೆಯಾದ ಮೇಲೆ ನಾಮಪದವಾಗಿ ವಿಭಕ್ತಿ ಹತ್ತಿಸಿಕೊಳ್ಳುತ್ತದೆ, ಬೇರೆ ಅರ್ಥಗಳಿಗೂ ಹಾರುತ್ತದೆ. ಸುಳ್ಳು ಹೇಳಿದರೆ ಕಾಗೆ ಹಾರಿಸಿದ ಎನ್ನುತ್ತೇವೆ, ನಂಬಲಾಗದ ನೆಪ ಕಾಗಕ್ಕ-ಗುಬ್ಬಕ್ಕನ ಕಥೆ, ಹೊಳೆಯುವ ಅಭ್ರಕ ಕಾಗೆಬಂಗಾರ.

ಹಾಗೆಂದು ಆ ಪಟ್ಟಿಯನ್ನೇ ತಳ್ಳಿಹಾಕಬೇಡಿ. ಅದರಲ್ಲಿರುವ ‘ಕೋಕಿಲ–ಕೋಗಿಲೆ’ ಜೋಡಿಗೆ ನನ್ನ ತಕರಾರಿಲ್ಲ. ತಮಿಳಿನ ಕುಯಿಲ್ ಪಕ್ಕದಲ್ಲಿಟ್ಟರೆ ಕೋಗಿಲೆ ಹೊಂದುವುದಿಲ್ಲ, ಕೋಕಿಲದ ಪಕ್ಕದಲ್ಲಿ ಹೊಂದುತ್ತದೆ.